ಎವರ್‌ಗ್ರೀನಿನಲ್ಲಿ ದ್ವಾದಶಿ

ಅಕ್ಟೋಬರ್ ಏಳು, ಮಂಗಳವಾರ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಅಜ್ಜಿಯ ಊಟದ ಡಬ್ಬಿ ಹೋದ ಹಾಗೆಯೇ ವಾಪಸು ಬಂದದ್ದನ್ನು ನಾನು ಡೈರಿಯಲ್ಲಿ ಮೊದಲ ಸಲ ಬರೆದದ್ದು ಆಗ.

ಹೋದ ವಾರ ಅದೇ ಡಬ್ಬಿಯ ಮುಚ್ಚಳದ ರಬ್ಬರು ಬಿಡಿಸಿ ತೊಳೆಯುತ್ತಿದ್ದೆ. ಇಂಗಿನ ವಾಸನೆ ಬಂತು. ಎಷ್ಟು ಸೋಪು ಹಾಕಿದರೂ ಆ ರಬ್ಬರು ಇಂಗನ್ನು ಬಿಡುವುದಿಲ್ಲ. ಒದ್ದೆ ಕೈಯಲ್ಲೇ ಹೋಗಿ ಹಳೆಯ ಡೈರಿ ತೆಗೆದೆ. ಅಕ್ಟೋಬರಿನಿಂದ ಜನವರಿವರೆಗಿನ ಪುಟಗಳಲ್ಲಿ ಎಡಗಡೆ ದಿನಾಂಕ, ನಡುವೆ ಅಜ್ಜಿ ತಿಂದದ್ದು, ಬಲಗಡೆ ಆ ದಿನ ನನಗೆ ಯಾರ ಮೇಲೆ ಅನುಮಾನವಿತ್ತೋ ಅವರ ಹೆಸರು. ಆ ಬಲಗಡೆಯ ಸಾಲಿನಲ್ಲಿ ಒಮ್ಮೆಯೂ ಬಾರದ ಹೆಸರು ನಮ್ಮ ಮನೆಯಲ್ಲಿ ಯಾರದೂ ಇಲ್ಲ.

ಅಜ್ಜಿ ಎಂದರೆ ಅಪ್ಪನ ಅಮ್ಮ. ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತು ಊರವರ ಕರೆಗಳನ್ನು ಜೋಡಿಸಿದವಳು. ನನಗೆ ಹನ್ನೆರಡು ವರ್ಷವಾದಾಗ ನಮ್ಮ ಜೊತೆ ಇರಲು ಅಮೆರಿಕಕ್ಕೆ, ಸ್ಯಾನ್ ಹೊಸೆಯ ಎವರ್‌ಗ್ರೀನ್ ಬಡಾವಣೆಗೆ ಬಂದಳು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಅಡುಗೆಮನೆ ಪೂರ್ತಿ ಅವಳದಾಯಿತು. ಮೂರು ವರ್ಷದ ಹಿಂದೆ ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು, ಆಮೇಲೆ ಉಪ್ಪೇ ಬೀಳದಾಯಿತು. ಡಾಕ್ಟರು ಡಿಮೆನ್ಷಿಯಾ ಎಂದರು. ಮೊದಲು ಇಂಗ್ಲಿಷು ಹೋಯಿತು. ಕನ್ನಡ ಬಂದು ಹೋಗಿ ಮಾಡುತ್ತದೆ. ತುಳು ಗಟ್ಟಿಯಾಗಿ ಕೂತಿದೆ. ಮನೆಯಲ್ಲಿ ತುಳು ಮಾತಾಡಲು ಬರುವುದು ಅಪ್ಪನಿಗೊಬ್ಬನಿಗೆ. ಅಮ್ಮ ಮೈಸೂರಿನವಳು. ನನಗೆ ತುಳು ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ.

ಸೆಪ್ಟೆಂಬರಿನಿಂದ ಸೋಮವಾರದಿಂದ ಗುರುವಾರದವರೆಗೆ ಅವಳು ಈಸ್ಟ್ ಸ್ಯಾನ್ ಹೊಸೆಯ ಒಂದು ಡೇ ಸೆಂಟರಿಗೆ ಹೋಗತೊಡಗಿದಳು. ಮರೆವಿನ ಹಿರಿಯರನ್ನು ಹಗಲು ನೋಡಿಕೊಳ್ಳುವ ಜಾಗ. ಬೆಳಿಗ್ಗೆ ವ್ಯಾನು ಬರುತ್ತದೆ, ಸಂಜೆ ಐದಕ್ಕೆ ಬಿಡುತ್ತದೆ. ಅಲ್ಲಿರುವವರು ಹೆಚ್ಚಾಗಿ ವಿಯೆಟ್ನಾಮಿನವರು, ಫಿಲಿಪೀನ್ಸಿನವರು, ಮೆಕ್ಸಿಕೋದವರು. ನಮ್ಮ ಕಡೆಯವರು ಅಜ್ಜಿ ಒಬ್ಬಳೇ. ಅವಳನ್ನು ನೋಡಿಕೊಳ್ಳುವವರು ಮಾರಿಸೆಲ್ ಎಂಬ ಐವತ್ತು ದಾಟಿದ ಫಿಲಿಪಿನೋ ಹೆಂಗಸು. ಸೇರಿಸುವಾಗ ಎರಡು ಪುಟದ ಫಾರ್ಮು ಕೊಟ್ಟರು. ನಿಮ್ಮ ಹಿರಿಯರ ಪದ್ಧತಿಗಳೇನು, ಭಾಷೆ ಯಾವುದು, ಏನು ತಿನ್ನುತ್ತಾರೆ, ಏನು ಕೇಳಿದರೆ ನೆಮ್ಮದಿ. ಬೇರೆ ಜಾಗಗಳಲ್ಲಿ ಇಷ್ಟು ಕೇಳಿರಲಿಲ್ಲ. ನಾನೇ ಕೂತು ತುಂಬಿಸಿದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ. ಬಲಗೈಯಲ್ಲಿ ಊಟ. ನೆಲಕ್ಕೆ ಬಿದ್ದ ಬಟ್ಟೆ ಉಡಿಸಬೇಡಿ. ಸಂಗೀತ: ದೇವರನಾಮ, ಮಧ್ಯಾಹ್ನ ಊಟದ ಹೊತ್ತಿಗೆ ಹಾಕಿದರೆ ಖುಷಿ. ಜಾಗ ಸಾಲದೆ ಅಂಚಿನಲ್ಲೂ ಬರೆದೆ.

ಸೆಪ್ಟೆಂಬರ್ ಮೊದಲ ಶನಿವಾರ ಅಜ್ಜಿಯ ತೂಕ ನೂರ ಐದು ಪೌಂಡು. ಅಕ್ಟೋಬರ್ ಮೊದಲ ಶನಿವಾರ ನೂರ ಒಂದು. ಅಲ್ಲಿಯ ಊಟ ಸೇರುತ್ತಿಲ್ಲವೆಂದು ಅಮ್ಮ ಮನೆಯಿಂದಲೇ ಡಬ್ಬಿ ಕಳಿಸತೊಡಗಿದಳು. ಅನ್ನ, ಸಾರು, ಒಂದು ಪಲ್ಯ. ಡಬ್ಬಿ ತುಂಬಿಯೇ ವಾಪಸು ಬಂತು. ಜೊತೆಗೆ ದಿನಾ ಒಂದು ಚೀಟಿ: ಬಾಳೆಹಣ್ಣು, ಹಾಲು ತೆಗೆದುಕೊಂಡರು. ಅನ್ನ ಬೇಡ ಎಂದರು.

"ಬಾಳೆಹಣ್ಣು ಸುಲಿದು ಕೈಗೆ ಕೊಟ್ರೆ ಮುಗೀತು, ಸುಲಭ ನೋಡು. ಅನ್ನ ಕಲಸಿ ತಿನ್ನಿಸೋಕೆ ಅರ್ಧ ಗಂಟೆ ಬೇಕು," ಅಂದಳು ಅಮ್ಮ. "ಡಬ್ಬಿ ತೆಗೆದೇ ಇರಲ್ಲ ಅವರು."

ತೆಗೆದಿದ್ದಾರೋ ಇಲ್ಲವೋ ನೋಡಲು ನಾನು ಒಂದು ಉಪಾಯ ಮಾಡಿದೆ. ಅನ್ನದ ಮೇಲೆ ಎರಡು ಕರಿಬೇವಿನ ಎಲೆಯನ್ನು ಅಡ್ಡಡ್ಡ ಇಟ್ಟು ಮುಚ್ಚಳ ಹಾಕಿದೆ. ಸಂಜೆ ಡಬ್ಬಿ ಬಂದಾಗ ಎಲೆ ಅಡ್ಡಡ್ಡವೇ ಇತ್ತು. ಒಂಬತ್ತು ದಿನ ಹಾಗೆಯೇ ಮಾಡಿದೆ. ಒಂಬತ್ತು ದಿನವೂ ಎಲೆ ಅಲುಗಿರಲಿಲ್ಲ. ಬಲಗಡೆಯ ಸಾಲಿನಲ್ಲಿ ಮಾರಿಸೆಲ್ ಹೆಸರು ಒಂಬತ್ತು ಸಲ ಬರೆದೆ.

ಆ ತಿಂಗಳು ಗುಡ್ಡಗಳು ಒಣಗಿ ಕಂದಾಗಿದ್ದವು. ಅಜ್ಜಿ ಸಂಜೆ ಕಿಟಕಿಯ ಪಕ್ಕ ಕೂತು ಅವನ್ನೇ ನೋಡುತ್ತಿದ್ದಳು. ಸೆಂಟರಿಗೆ ಹೋದ ದಿನ ಬಂದು ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ಶುಕ್ರ, ಶನಿ, ಭಾನುವಾರ ಮಾತ್ರ ಮೂರು ಹೊತ್ತೂ ಉಣ್ಣುತ್ತಿದ್ದಳು.

"ಇವತ್ತು ಏಕಾದಶಿ ಅಲ್ವಾ?" ಅನ್ನುತ್ತಿದ್ದಳು.

ಅಪ್ಪ ಗೋಡೆಯ ಮೇಲಿನ ಪಂಚಾಂಗ ನೋಡಿ ಬರುತ್ತಿದ್ದ. "ಅಲ್ಲಮ್ಮ, ಇವತ್ತು ಷಷ್ಠಿ."

"ನಿನ್ನ ಪಂಚಾಂಗ ಅಮೆರಿಕದ್ದು ಮಾರಾಯ."

ನಾವು ನಗುತ್ತಿದ್ದೆವು. ಇದನ್ನು ತಿಳಿಯದವರಿಗೆ ಹೇಳಬೇಕು: ಏಕಾದಶಿ ತಿಂಗಳಿಗೆ ಎರಡು ಸಲ ಬರುವ ಉಪವಾಸದ ದಿನ. ನಮ್ಮಲ್ಲಿ ಆಚರಿಸುವವರು ಅನ್ನ ಮುಟ್ಟುವುದಿಲ್ಲ. ವಯಸ್ಸಾದವರು ಹೆಚ್ಚೆಂದರೆ ಹಾಲು, ಹಣ್ಣು. ಮರುದಿನ ದ್ವಾದಶಿಗೆ ಬೆಳಗಾಗುವ ಮೊದಲೇ ಅಡುಗೆ ಮಾಡಿ, ಪಾರಣೆಯೆಂದು ಹೊತ್ತು ಮೀರದಂತೆ ಊಟ ಮಾಡಲೇಬೇಕು. ಅಜ್ಜಿ ಇದನ್ನು ಹದಿನಾರನೇ ವಯಸ್ಸಿನಿಂದ ನಡೆಸಿಕೊಂಡು ಬಂದವಳು. ಹಾಗಾಗಿ ಅವಳ ಬಾಯಲ್ಲಿ ಏಕಾದಶಿ ಬಂದದ್ದು ನಮಗೆ ವಿಶೇಷ ಅನ್ನಿಸಲಿಲ್ಲ. ದಿನ ವಾರ ತಪ್ಪುವುದು ಈ ಕಾಯಿಲೆಯಲ್ಲಿ ಸಹಜ ಎಂದು ಡಾಕ್ಟರು ಹೇಳಿದ್ದರು. ನಾನು ಅದನ್ನು ನಡುವಿನ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ "ಏ" ಎಂದು ಗುರುತು ಹಾಕಿ ಬಿಟ್ಟುಬಿಡುತ್ತಿದ್ದೆ.

ನವೆಂಬರ್ ಮೊದಲ ವಾರ ತೂಕ ತೊಂಬತ್ತಾರು. ಸೆಂಟರಿನ ನರ್ಸು ಅಪ್ಪನನ್ನು ಕರೆಸಿ ಮಾತಾಡಿದರು. ಜನವರಿ ಎಂಟಕ್ಕೆ ರಿವ್ಯೂ ಇದೆ. ಅಷ್ಟರಲ್ಲಿ ತೊಂಬತ್ತು ಪೌಂಡಿಗಿಂತ ಕೆಳಗಿಳಿದರೆ ನಾವು ಇಟ್ಟುಕೊಳ್ಳಲಾಗುವುದಿಲ್ಲ, ಹಿರಿಯರು ಹಗಲೂ ರಾತ್ರಿಯೂ ಅಲ್ಲೇ ಇರುವ ನರ್ಸಿಂಗ್ ಹೋಮಿಗೇ ಸೇರಿಸಬೇಕಾಗುತ್ತದೆ ಎಂದರು. ಅಪ್ಪ ತನ್ನ ಆಫೀಸಿನ ಹತ್ತಿರ, ರೆಡ್‌ವುಡ್ ಸಿಟಿಯಲ್ಲಿ ಒಂದನ್ನು ನೋಡಿ ಬಂದ. ಎರಡು ದಿನ ಅದರ ಬಗ್ಗೆ ಮಾತೇ ಆಡಲಿಲ್ಲ. ಮೂರನೇ ದಿನ, "ಚೊಕ್ಕವಾಗಿದೆ. ಎಲ್ಲರೂ ಟಿವಿ ಮುಂದೆ ಕೂತಿದ್ರು. ಅಮ್ಮ ಅಲ್ಲಿ ಯಾರ ಹತ್ರ ಏನಂತ ಮಾತಾಡ್ತಾಳೆ?" ಅಂದ. ಅಲ್ಲಿ ತುಳುವಿರಲಿ, ಹಿಂದಿ ಬಲ್ಲವರೂ ಇರಲಿಲ್ಲ.

ಇದನ್ನೆಲ್ಲ ನಾವು ಅಡುಗೆಮನೆಯಲ್ಲಿ, ಇಂಗ್ಲಿಷಿನಲ್ಲಿ, ಸಣ್ಣ ದನಿಯಲ್ಲಿ ಮಾತಾಡಿದ್ದು. ಅಜ್ಜಿ ಮುಂದಿನ ಕೋಣೆಯಿಂದ ಹೇಳಿದಳು: "ಲೈನಿನಲ್ಲಿ ಯಾರೋ ಇದ್ದಾರೆ. ಮೆಲ್ಲ ಮಾತಾಡಿ."

ನವೆಂಬರ್ ಹದಿಮೂರು, ಗುರುವಾರ. ಬೆಳಗಿನಿಂದ ಗಾಳಿ ಮಳೆ. ನಮ್ಮ ರಸ್ತೆಯಲ್ಲಿ ಕಸದ ಡಬ್ಬಗಳೆಲ್ಲ ಉರುಳಿದ್ದವು, ಫ್ರೀವೇಯಲ್ಲಿ ವ್ಯಾನು ಸಿಕ್ಕಿಹಾಕಿಕೊಂಡು ಅಜ್ಜಿ ಐದೂಮುಕ್ಕಾಲಿಗೆ ಬಂದಳು. ಡಬ್ಬಿ ಖಾಲಿ. ಖಾಲಿಯಷ್ಟೇ ಅಲ್ಲ, ತೊಳೆದಿಟ್ಟದ್ದು.

ಅಮ್ಮ ಡಬ್ಬಿಯನ್ನು ಮೂಸಿ ನೋಡಿದಳು. "ಇಷ್ಟು ದಿನ ಇಲ್ಲದ್ದು ಇವತ್ತು ಸೋಪು ಹಾಕಿ ತೊಳೆದಿದ್ದಾರೆ. ತಿಂದಿದ್ರೆ ತೊಳೆಯೋದು ಯಾಕೆ?"

"ತಿಂದಿದ್ದಕ್ಕೇ ತೊಳೆದಿರಬಹುದಲ್ಲ," ಅಂದ ಅಪ್ಪ.

"ನೀವು ಸುಮ್ನಿರಿ. ಎಸೆದಿದ್ದಾರೆ. ನರ್ಸು ಕೇಳಿದ್ದಾರೆ, ಅದಕ್ಕೆ."

ನಾನು ಮಾರಿಸೆಲ್‌ಗೆ ಫೋನು ಮಾಡಿದೆ. ನಮ್ಮ ಮಾತು ಇಂಗ್ಲಿಷಿನಲ್ಲೇ. ಅಮ್ಮ ಎಲ್ಲಾ ತಿಂದರು, ಇನ್ನೂ ಕೇಳಿದರು, ನಾನು ನನ್ನ ಮೊಸರು ಕೊಟ್ಟೆ ಎಂದರು. ಅಜ್ಜಿಯನ್ನು ಅವರು ಅಮ್ಮ ಅನ್ನುತ್ತಿದ್ದರು, ಅಪ್ಪ ಹಾಗೆ ಕರೆದದ್ದನ್ನು ಕೇಳಿ. ನಾನು ಥ್ಯಾಂಕ್ಸ್ ಹೇಳಿ ಇಟ್ಟೆ. ನಂಬಲಿಲ್ಲ. ಅಂದು ಸಂಜೆ ಅಜ್ಜಿ ಎದ್ದು ಬಂದು ಎರಡು ದೋಸೆ ತಿಂದಳು. "ನೋಡು, ಎಷ್ಟು ಹಸಿದಿದ್ರು ಪಾಪ. ಮಧ್ಯಾಹ್ನ ಏನೂ ಕೊಟ್ಟಿಲ್ಲ," ಅಂದಳು ಅಮ್ಮ. ಡೈರಿಯಲ್ಲಿ ಮಾರಿಸೆಲ್ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ.

ಆಮೇಲಿನ ಮೂರು ವಾರ ಅನುಮಾನ ಎಲ್ಲ ಕಡೆ ಹರಡಿತು. ಅಜ್ಜಿಯೇ ಡಬ್ಬಿ ಯಾರಿಗೋ ಕೊಡುತ್ತಿದ್ದಾಳೆಯೇ? ಅಮ್ಮ ಅತ್ತೆಗೆ ಸೇರದ ಮೈಸೂರಿನ ಸಾರು ಮಾಡುತ್ತಿದ್ದಾಳೆ ಎಂದು ಅಪ್ಪನಿಗೆ, ಅಪ್ಪ ಹೊಸ ಮಾತ್ರೆಯ ವಿಷಯ ಮುಚ್ಚಿಟ್ಟಿದ್ದಾನೆ ಎಂದು ಅಮ್ಮನಿಗೆ. ನನಗೆ ಇಬ್ಬರ ಮೇಲೂ. ಎರಡು ಪಂಚಾಂಗ ಪಕ್ಕ ಪಕ್ಕ ಇಟ್ಟೂ ನೋಡಿದೆ. ನಮ್ಮಲ್ಲಿ ಉಡುಪಿಯಿಂದ ಬರುವುದೊಂದು, ಇಲ್ಲಿಯ ದೇವಸ್ಥಾನ ಕೊಡುವ ಕ್ಯಾಲೆಂಡರು ಇನ್ನೊಂದು. ಊರಿನ ಹೊತ್ತಿಗೂ ಇಲ್ಲಿಯ ಹೊತ್ತಿಗೂ ಅರ್ಧ ದಿನದ ಅಂತರವಿರುವುದರಿಂದ ಏಕಾದಶಿ ಎಷ್ಟೋ ಸಲ ಒಂದೊಂದರಲ್ಲಿ ಒಂದೊಂದು ದಿನ ಬರುತ್ತದೆ. ಅಕ್ಟೋಬರ್ ಏಳರಿಂದ ಡಿಸೆಂಬರ್ ಮೂರರವರೆಗೆ, ರಜೆ ಬಿಟ್ಟು, ಸೆಂಟರಿನ ದಿನಗಳು ಮೂವತ್ತೆರಡು. ಡಬ್ಬಿ ಖಾಲಿಯಾದದ್ದು ಒಂದು ದಿನ. ಸಣ್ಣಕ್ಷರದ "ಏ" ಇಪ್ಪತ್ತೇಳು. ಯಾವ ಪಂಚಾಂಗದಲ್ಲಿ ನೋಡಿದರೂ ಆ ಅವಧಿಯಲ್ಲಿ ಬಂದ ಏಕಾದಶಿ ನಾಲ್ಕೇ.

ಸಾಂಟಾ ಕ್ಲಾರಾದಲ್ಲಿ ನನ್ನ ಕೆಲಸ ಚಿಪ್‌ಗಳನ್ನು ಪರೀಕ್ಷಿಸುವುದು. ಬೋರ್ಡು ಕೆಟ್ಟರೆ ಕೂತಲ್ಲಿಂದ ಊಹಿಸಬೇಡ, ಅದರ ಪಕ್ಕ ಹೋಗಿ ನಿಲ್ಲು ಎಂದು ನನ್ನ ಮ್ಯಾನೇಜರು ಹೇಳುತ್ತಾರೆ. ಡಿಸೆಂಬರ್ ನಾಲ್ಕು, ಗುರುವಾರ, ರಜೆ ಹಾಕಿ ಸೆಂಟರಿಗೆ ಹೋಗಿ ಕೂತೆ.

ಹೊರಗೆ ಮಂಜು. ಒಳಗೆ ಹೀಟರಿನ ಬಿಸಿ, ಶುಂಠಿ ಹಾಕಿದ ಗಂಜಿಯ ವಾಸನೆ. ಅಜ್ಜಿ ನನ್ನನ್ನು ನೋಡಿ, "ನೀನು ಯಾವ ಡ್ಯೂಟಿ, ಹಗಲಾ?" ಅಂತ ಕೇಳಿದಳು. ಹೌದು ಎಂದೆ. ಹನ್ನೊಂದು ನಲವತ್ತಕ್ಕೆ ಮಾರಿಸೆಲ್ ಬಂದರು. ಅಜ್ಜಿಯ ಕೈ ತೊಳೆಸಿದರು. ನೀರಿನ ಜಗ್ಗಿಗೆ ಒಂದು ಟ್ಯಾಬ್ಲೆಟ್ ಒರಗಿಸಿ ದೇವರನಾಮ ಹಾಕಿದರು. ಆಮೇಲೆ ನಮ್ಮ ಡಬ್ಬಿಯನ್ನು ತೆರೆದು ಮುಂದಿಟ್ಟರು.

ಅಜ್ಜಿ ನೆಟ್ಟಗೆ ಕೂತಳು. ಸೆರಗು ಹೊದ್ದು ಸರಿಮಾಡಿಕೊಂಡಳು. ಕೈ ಮುಗಿದಳು. ಕಣ್ಣು ಮುಚ್ಚಿ ತುಟಿ ಆಡಿಸಿದಳು. ಹಾಡು ಸಾಗುತ್ತಿದ್ದಂತೆ ಒಂದು ಬೆರಳಿನಿಂದ ಡಬ್ಬಿಯನ್ನು ಆಚೆಗೆ ತಳ್ಳಿದಳು, ಕೋಪವಿಲ್ಲದೆ.

"ಅಮ್ಮ, ಅನ್ನ?" ಅಂದರು ಮಾರಿಸೆಲ್.

"ಇನಿ ಏಕಾದಶಿ," ಅಂದಳು ಅಜ್ಜಿ. ಇನಿ ಎಂದರೆ ತುಳುವಿನಲ್ಲಿ ಇವತ್ತು.

ಮಾರಿಸೆಲ್ ಹಾಲಿನ ಲೋಟ ಕೊಟ್ಟರು. ಅಜ್ಜಿ ಕುಡಿದಳು. "ದಿನಾ ಇದೇ ಮಾತು. ಹಾಡು ಕೇಳುವಾಗ ಎಷ್ಟು ನೆಮ್ಮದಿ ನೋಡು ಮುಖದಲ್ಲಿ," ಎಂದರು ನನಗೆ.

"ಹಾಡು ದಿನಾ ಹಾಕ್ತೀರಾ?"

"ದಿನಾ. ನಿಮ್ಮ ಫಾರ್ಮಿನಲ್ಲಿದೆ." ಕಪಾಟಿನಿಂದ ಫೈಲು ತಂದು ತೋರಿಸಿದರು. ನನ್ನ ಅಕ್ಷರ. ಊಟದ ಹೊತ್ತಿಗೆ ಹಾಕಿದರೆ ಖುಷಿ ಎಂಬಲ್ಲಿ ಅವರು ಹಳದಿ ಬಣ್ಣ ಹಚ್ಚಿದ್ದರು.

"ಆ ಮಳೆಯ ಗುರುವಾರ?"

"ಕರೆಂಟಿರಲಿಲ್ಲ, ಇಂಟರ್ನೆಟ್ಟೂ ಇಲ್ಲ, ಹಾಡು ಹಾಕೋಕಾಗಲಿಲ್ಲ. ಮೇಣದಬತ್ತಿ ಹಚ್ಚೋ ಹಾಗೂ ಇಲ್ಲ ಇಲ್ಲಿ. ಕಿಟಕಿ ಹತ್ತಿರ ಕೂರಿಸಿ ಡಬ್ಬಿ ಕೊಟ್ಟೆ, ತಿಂದುಬಿಟ್ಟರು. ಫೋನಿನಲ್ಲಿ ಹೇಳಿದೆನಲ್ಲ." ಡಬ್ಬಿಯ ಮುಚ್ಚಳ ಹುಡುಕುತ್ತಾ, "ನೀನು ನಂಬಲಿಲ್ಲ ಅಂತ ಗೊತ್ತಾಯಿತು," ಎಂದರು.

ಅಂದು ನಾನು ಮತ್ತೆ ಅನ್ನದ ಮೇಲಿಟ್ಟಿದ್ದ ಎರಡು ಕರಿಬೇವಿನ ಎಲೆಯನ್ನು ಅವರು ತೆಗೆದು ಬದಿಗಿಟ್ಟಿದ್ದರು. ಮುಚ್ಚಳ ಹಾಕುವ ಮುಂಚೆ ಅವನ್ನು ಎತ್ತಿ ಅಡ್ಡಡ್ಡ ಇಟ್ಟರು.

"ಅದನ್ನು ಯಾಕೆ ಹಾಗೆ ಇಡ್ತೀರಿ?"

"ನಿಮ್ಮ ಮನೆಯವರು ಅಲಂಕಾರ ಮಾಡಿ ಕಳಿಸಿದ್ದು. ಹಾಳುಮಾಡಿ ಕಳಿಸೋದು ಸರಿಯಲ್ಲ ಅಂತ."

ಕಾರಿನಲ್ಲಿ ಕೂತು ಡೈರಿ ತೆಗೆದೆ. ಆ ದಿನದ ಬಲಗಡೆಯ ಸಾಲಿನಲ್ಲಿ ಬರೆದದ್ದು ನನ್ನ ಹೆಸರು.

ಫಾರ್ಮಿನಲ್ಲಿ ನಾನು ಸುಳ್ಳು ಬರೆದಿರಲಿಲ್ಲ. ಅಜ್ಜಿ ಇಲ್ಲಿಗೆ ಬಂದ ಮೇಲೆ ಸಾಮಾನ್ಯ ದಿನಗಳಲ್ಲಿ ಅವಳು ನನಗೆ ಸಿಗುತ್ತಿದ್ದುದು ಕಡಿಮೆ. ಬೆಳಿಗ್ಗೆ ಆರರಿಂದ ಒಲೆ, ಮಧ್ಯಾಹ್ನ ಪಾತ್ರೆ, ಸಂಜೆ ಮತ್ತೆ ಒಲೆ. ಊಟದ ಹೊತ್ತಿನಲ್ಲಿ ಮಾತಾಡಿದರೂ ಅವಳಿಗೆ ಆಗದು, ಹಾಡಂತೂ ದೂರ. ತಿಂಗಳಿಗೆ ಎರಡು ದಿನ ಮಾತ್ರ ಅವಳಿಗೆ ಅಡುಗೆಯಿಲ್ಲ. ಬೇಸಿಗೆ ರಜೆಯಲ್ಲಿ, ಶನಿವಾರ ಭಾನುವಾರ ಬಿದ್ದ ಏಕಾದಶಿಗಳಲ್ಲಿ, ಅವಳು ಮುಂದಿನ ಕೋಣೆಯಲ್ಲಿ ಫೋನಿನಲ್ಲಿ ದೇವರನಾಮ ಹಾಕಿಕೊಂಡು ಕೂರುತ್ತಿದ್ದಳು. ನಾನು ಅವಳ ಪಕ್ಕ ನಿನ್ನೆಯ ಚಪಾತಿ ತಿನ್ನುತ್ತಾ ಎಕ್ಸ್‌ಚೇಂಜಿನ ಕತೆ ಕೇಳುತ್ತಿದ್ದೆ. ನನಗೆ ಅದು ಅವಳ ಖುಷಿಯ ದಿನವಾಗಿತ್ತು, ನನಗೆ ಖುಷಿಯಾಗುತ್ತಿದ್ದುದರಿಂದ. ಅದು ಅವಳ ಉಪವಾಸದ ದಿನ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಎರಡನ್ನೂ ಜೋಡಿಸಿರಲಿಲ್ಲ. ಇಡೀ ಸೆಂಟರಿನಲ್ಲಿ ಅವಳ ಪದ್ಧತಿಯನ್ನು ಇಷ್ಟು ನಿಷ್ಠೆಯಿಂದ ನಡೆಸಿದವರು ಮಾರಿಸೆಲ್. ಪದ್ಧತಿಯನ್ನು ತಪ್ಪಾಗಿ ಬರೆದುಕೊಟ್ಟವಳು ನಾನು. ಮಧ್ಯಾಹ್ನ ಏಕಾದಶಿಯಾದರೆ ಸಂಜೆಯೂ ಏಕಾದಶಿಯೇ. ರಾತ್ರಿಯ ಊಟ ಯಾಕೆ ಬಿಡುತ್ತಿದ್ದಳೆಂಬುದೂ ಆಗ ತಿಳಿಯಿತು.

ಡಿಸೆಂಬರ್ ಎಂಟರಿಂದ ಹಾಡು ನಿಂತಿತು. ಅಷ್ಟಕ್ಕೇ ಸರಿಹೋಗುತ್ತದೆಂದು ನಂಬಿದ್ದೆ. ಸೋಮವಾರ ಅರ್ಧ ಡಬ್ಬಿ ಉಂಡಳು. ಮಂಗಳವಾರ ಏನೂ ಮುಟ್ಟಲಿಲ್ಲ. ಮೂರು ತಿಂಗಳಲ್ಲಿ ಆ ಕುರ್ಚಿ, ಆ ಜಗ್ಗು, ಮಾರಿಸೆಲ್‌ರ ನೀಲಿ ಅಂಗಿ, ಎಲ್ಲವೂ ಸೇರಿ ಏಕಾದಶಿಯಾಗಿದ್ದವು. ಹಾಡಿಲ್ಲದೆಯೂ ಅವಳು ಕೈಮುಗಿದು ಡಬ್ಬಿ ತಳ್ಳುತ್ತಿದ್ದಳು. ತೂಕ ತೊಂಬತ್ತೆರಡು.

ಹತ್ತನೇ ತಾರೀಕು, ಬುಧವಾರ, ಸಂಜೆ ಆರು. ಹೊರಗೆ ಆಗಲೇ ಕತ್ತಲಾಗಿತ್ತು. ಅಮ್ಮ ಕೆಲಸದಿಂದ ಬಂದವಳು ಒದ್ದೆ ಜಾಕೆಟನ್ನೂ ತೆಗೆಯದೆ ಅಜ್ಜಿಯ ಮುಂದೆ ನಿಂತಳು. ಅಪ್ಪ ಐದು ನಿಮಿಷದಿಂದ ಊಟಕ್ಕೆ ಕರೆದು ಸೋತಿದ್ದ.

"ಅತ್ತೆ, ಏಕಾದಶಿ ನಿನ್ನೆಗೆ ಮುಗೀತು. ಇವತ್ತು ದ್ವಾದಶಿ. ಪಾರಣೆ ಹೊತ್ತು ಮೀರ್ತಾ ಇದೆ, ಏಳಿ."

ಅಜ್ಜಿ ಕಿಟಕಿಯ ಹೊರಗಿನ ಕತ್ತಲೆ ನೋಡಿದಳು. ಬೆಳಕು ಹರಿಯುವ ಮುಂಚಿನ ಕತ್ತಲೆ ಎಂದುಕೊಂಡಳೇನೋ. "ಅಯ್ಯೋ, ಬೆಳಗಾಯ್ತಲ್ಲ. ಎಬ್ಬಿಸೋದಲ್ವಾ ಮಾರಾಯ್ತಿ," ಎಂದು ಎದ್ದಳು. ಹೆಸರುಬೇಳೆ ತೊವ್ವೆ, ಅನ್ನ, ತುಪ್ಪ. ಎರಡು ಸಲ ಬಡಿಸಿಕೊಂಡಳು. ಮಜ್ಜಿಗೆಯ ಹೊತ್ತಿಗೆ ತಲೆಯೆತ್ತಿ ಅಮ್ಮನನ್ನು ಕೇಳಿದಳು, "ನೀನು ಉಂಡಿಯಾ?" ಒಂದು ವರ್ಷದಿಂದ ಯಾರನ್ನೂ ಕೇಳಿರಲಿಲ್ಲ. ಅಮ್ಮ ಜಾಕೆಟಿನಲ್ಲೇ ಪಕ್ಕದಲ್ಲಿ ತಟ್ಟೆ ಹಾಕಿಕೊಂಡು ಕೂತಳು.

ಮರುದಿನ ಬೆಳಿಗ್ಗೆ ವ್ಯಾನು ಹತ್ತಿಸುವ ಬದಲು ನಾನೇ ಅಜ್ಜಿಯನ್ನು ಕರೆದುಕೊಂಡು ಹೋಗಿ ಮಾರಿಸೆಲ್‌ಗೆ ಎರಡು ಪದ ಕಲಿಸಿದೆ. ಇನಿ ದ್ವಾದಶಿ. ಅರ್ಥ ಕೇಳಿದರು. ಹೇಳಿದೆ.

"ಇವತ್ತು ನಿಜವಾಗಿ ಆ ದಿನವಾ?"

"ಅಲ್ಲ."

"ಹಾಗಾದರೆ ದೇವರ ದಿನದ ವಿಷಯದಲ್ಲಿ ನಾನು ಅವರಿಗೆ ಸುಳ್ಳು ಹೇಳಬೇಕು."

ಊಟ ಮಾಡದಿದ್ದರೆ ಇಲ್ಲಿಂದ ಕಳಿಸುತ್ತಾರಲ್ಲ ಎಂದೆ. ಅದು ಗೊತ್ತು ಎಂದರು. ಅವರ ಅಜ್ಜಿ ಈಸ್ಟರಿಗೆ ಮುಂಚಿನ ಶುಕ್ರವಾರ ನೀರನ್ನೂ ಲೆಕ್ಕವಿಟ್ಟು ಕುಡಿಯುತ್ತಿದ್ದರಂತೆ. "ಅವಳಿಗೆ ಯಾರಾದರೂ ಇವತ್ತು ಭಾನುವಾರ ಅಂತ ಹೇಳಿ ತಿನ್ನಿಸಿದ್ದರೆ ನಾನು ಅವರನ್ನು ಬಿಡುತ್ತಿರಲಿಲ್ಲ." ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರು ವಾಪಸು ಕಳಿಸಿದ ಡಬ್ಬಿಯನ್ನು ನಾನು ನೋಡುತ್ತಿದ್ದ ಹಾಗೆ. "ಒಂದು ಕೆಲಸ ಮಾಡು. ಪ್ರತಿದಿನ ಬೆಳಿಗ್ಗೆ ನಾನು ಕೇಳ್ತೀನಿ. ಇವತ್ತು ಯಾವ ದಿನ ಅಂತ ನೀನು ಬರೆದು ಕಳಿಸು. ನೀನು ಬರೆದದ್ದನ್ನು ನಾನು ಹೇಳ್ತೀನಿ. ನನ್ನ ಮಾತಾಗಿ ಅಲ್ಲ."

ಹೀಗೆ ಪ್ರತಿ ಬೆಳಿಗ್ಗೆ ಎಂಟು ಹತ್ತಕ್ಕೆ ಅವರ ಮೆಸೇಜು ಬರತೊಡಗಿತು: ಇವತ್ತು? ನಾನು ಬರೆಯುತ್ತಿದ್ದೆ: ದ್ವಾದಶಿ. ಹದಿನೈದರಿಂದ ಹದಿನೆಂಟರವರೆಗೆ ನಾಲ್ಕಕ್ಕೆ ನಾಲ್ಕು ದಿನ ಡಬ್ಬಿ ಖಾಲಿ. ಇಪ್ಪತ್ತನೇ ತಾರೀಕಿನ ಶನಿವಾರ ತೂಕ ತೊಂಬತ್ಮೂರೂವರೆ. ಮಳೆ ಬಿದ್ದು ಗುಡ್ಡಗಳು ಹಸಿರಾಗಿದ್ದವು.

ಅಪ್ಪನಿಗೆ ಮೆಸೇಜಿನ ವಿಷಯ ಇಪ್ಪತ್ತರಂದೇ ತಿಳಿದದ್ದು. ತೂಕ ಹೆಚ್ಚಿದ ಖುಷಿಯಲ್ಲಿ ನಾನೇ ಹೇಳಿದೆ.

"ನಾನು ಹುಟ್ಟೋ ಹಿಂದಿನ ದಿನವೂ ಏಕಾದಶಿ ಮಾಡಿದವಳು ಅವಳು," ಅಂದ ಅಪ್ಪ.

"ಎಂಬತ್ತು ದಾಟಿದವರಿಗೆ ಏಕಾದಶಿ ಇಲ್ಲ ಅಂತ ನಿಮ್ಮ ಭಟ್ಟರೇ ಹೇಳಿದಾರೆ," ಅಂದಳು ಅಮ್ಮ.

"ಇಲ್ಲ ಅಂತ ಅವಳಿಗೆ ಹೇಳಿ ಬಿಡಿಸೋದು ಬೇರೆ. ಮೋಸ ಮಾಡಿ ತಿನ್ನಿಸೋದು ಬೇರೆ."

"ಹೇಳಿ ನೋಡಿ ಹಾಗಾದ್ರೆ. ಕೇಳ್ತಾರಾ?"

ಅಪ್ಪ ಹೇಳಿ ನೋಡಿದ್ದ, ಎರಡು ವರ್ಷದ ಹಿಂದೆ. ಅಜ್ಜಿ ಮೂರು ದಿನ ಮಾತು ಬಿಟ್ಟಿದ್ದಳು. ಕೊನೆಗೆ ಒಂದು ಒಪ್ಪಂದವಾಯಿತು. ಬರಿಯ ದಿನಗಳಲ್ಲಿ ದ್ವಾದಶಿ ಎಂದರೆ ಅಡ್ಡಿಯಿಲ್ಲ, ಅಂದು ಹೇಗೂ ಉಪವಾಸ ಮುರಿಯುವುದಿಲ್ಲ. ನಿಜವಾದ ಏಕಾದಶಿಯಂದು ಸುಳ್ಳು ಹೇಳುವಂತಿಲ್ಲ. ಹಾಲು, ಹಣ್ಣು ಕೊಟ್ಟು ಅವಳ ಪಾಡಿಗೆ ಬಿಡಬೇಕು. "ದಿನ ನೋಡೋ ಜವಾಬ್ದಾರಿ ನಿಂದು," ಎಂದ ನನಗೆ. ನಾನು ಹೂಂ ಅಂದೆ.

ಕ್ರಿಸ್ಮಸ್ಸಿಗೆ ಸೆಂಟರು ಮುಚ್ಚಿತು. ಅದೇ ಹೊತ್ತಿಗೆ ಅಜ್ಜಿಗೆ ನೆಗಡಿ, ಜ್ವರ. ಐದು ದಿನ ಗಂಜಿ ತಿಳಿ ಬಿಟ್ಟು ಬೇರೇನೂ ಇಳಿಯಲಿಲ್ಲ. ಇಪ್ಪತ್ತೆಂಟರ ಭಾನುವಾರ ತಕ್ಕಡಿ ತೊಂಬತ್ತೂವರೆ ತೋರಿಸಿತು. ಇನ್ನು ಅರ್ಧ ಪೌಂಡು. ರಿವ್ಯೂಗೆ ಹನ್ನೊಂದು ದಿನ. ಜ್ವರ ಬಿಟ್ಟಿತ್ತು, ಸೋಮವಾರ ಸೆಂಟರಿಗೆ ಹೋಗಿ ಉಂಡು ಬಂದಳು. ಮಂಗಳವಾರ, ಡಿಸೆಂಬರ್ ಮೂವತ್ತು, ವೈಕುಂಠ ಏಕಾದಶಿ. ವರ್ಷದ ಏಕಾದಶಿಗಳಲ್ಲೆಲ್ಲ ದೊಡ್ಡದು.

ಅಂದು ಬೆಳಿಗ್ಗೆ ಅಪ್ಪ ರೆಡ್‌ವುಡ್ ಸಿಟಿಗೆ ಹೊರಟಾಗಿತ್ತು, ಅಮ್ಮನೂ ಹೋಗಿದ್ದಳು. ಎಂಟು ಹತ್ತಕ್ಕೆ ಮೆಸೇಜು ಬಂತು. ಇವತ್ತು?

ಒಂದು ದಿನ ಬಿಟ್ಟರೆ ಒಂದು ದಿನವಷ್ಟೇ ಎಂದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಹಾಲು ಕುಡಿದು ಕೂತರೆ ಆ ಕುರ್ಚಿ ಮತ್ತೆ ಏಕಾದಶಿಯ ಕುರ್ಚಿಯಾಗುತ್ತದೆ, ಆಮೇಲೆ ಎಷ್ಟು ದಿನವೋ. ಎರಡು ಪಂಚಾಂಗವನ್ನೂ ಮೇಜಿನ ಮೇಲೆ ಹರಡಿದೆ. ಇಲ್ಲಿಯ ಕ್ಯಾಲೆಂಡರಿನಲ್ಲಿ ಇವತ್ತು. ಊರಿನದರಲ್ಲಿ ನಾಳೆ. ಅಪ್ಪ ಗೋಡೆಗೆ ಹಾಕುವುದು ಇಲ್ಲಿಯದು, ಅಜ್ಜಿ ಜೀವಮಾನವಿಡೀ ನಡೆದದ್ದು ಊರಿನದರಂತೆ. ಊರಿನದನ್ನು ಹಿಡಿದರೆ ಇವತ್ತು ಏಕಾದಶಿಯಲ್ಲ. ನಾನು ದ್ವಾದಶಿ ಎಂದು ಕಳಿಸಿದೆ. ಬುಧವಾರ ಎಂಟು ಹತ್ತಕ್ಕೆ ಮತ್ತೆ ಕೇಳಿದರು. ಇಲ್ಲಿಯದನ್ನು ಹಿಡಿದರೆ ಏಕಾದಶಿ ನಿನ್ನೆಗೇ ಮುಗಿದಿದೆ. ದ್ವಾದಶಿ ಎಂದು ಕಳಿಸಿದೆ. ಎರಡು ಪಂಚಾಂಗಗಳ ನಡುವಿನ ಸಂದಿಯಲ್ಲಿ ಅಜ್ಜಿಯ ವೈಕುಂಠ ಏಕಾದಶಿ ಜಾರಿಹೋಯಿತು. ಎರಡು ದಿನವೂ ಡಬ್ಬಿ ಖಾಲಿ.

ಬುಧವಾರ ಸಂಜೆ ಊಟಕ್ಕೆ ಬಡಿಸಿದವಳು ನಾನು. ಮನೆಯಲ್ಲಿ ನಾವಿಬ್ಬರೇ. ಅಜ್ಜಿ ಅನ್ನಕ್ಕೆ ತೊವ್ವೆ ಕಲಸುತ್ತಾ ಕೇಳಿದಳು, "ಇವತ್ತು ಎಂತ?"

"ದ್ವಾದಶಿ ಅಜ್ಜಿ."

"ನಿನ್ನೆ?"

ನಾನು ಉಪ್ಪಿನಕಾಯಿ ಬಡಿಸಿದೆ.

"ನಿನ್ನೆ ಎಂತ, ಮಗಾ?"

"ನಿನ್ನೆಯೂ ದ್ವಾದಶಿ."

ಅವಳು ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಎಕ್ಸ್‌ಚೇಂಜಿನಲ್ಲಿ ಸುಳ್ಳು ಹೆಸರು ಹೇಳಿ ಟ್ರಂಕ್ ಕಾಲ್ ಬುಕ್ ಮಾಡುವವರು ದನಿಯಲ್ಲೇ ಗೊತ್ತಾಗುತ್ತಿದ್ದರು ಎಂದು ಹೇಳುವಾಗ ಅವಳು ಕಣ್ಣು ಸಣ್ಣ ಮಾಡುತ್ತಿದ್ದಳು. ಹಾಗೆಯೇ ಮಾಡಿದಳು.

"ಈ ಊರಲ್ಲಿ ಏಕಾದಶಿ ಬಾರದೇ ದ್ವಾದಶಿ ಬರ್ತದಾ?"

ನಾನು ತುಪ್ಪದ ಪಾತ್ರೆಯನ್ನು ಹತ್ತಿರ ಎಳೆದುಕೊಂಡೆ.

"ಇರ್ಲಿ. ಪಾಪ ಹೇಳಿದವರಿಗೆ. ಉಂಡವರಿಗೆ ಎಂತದೂ ಇಲ್ಲ." ತುತ್ತು ಬಾಯಿಗೆ ಹೋಯಿತು. ಆಮೇಲೆ ಮಜ್ಜಿಗೆ ಕೇಳಿದಳು, ಮಜ್ಜಿಗೆ ಹಾಕುತ್ತಿದ್ದಂತೆ ನಾನು ಯಾರೆಂದು ಕೇಳಿದಳು.

ಜನವರಿ ಎಂಟರ ರಿವ್ಯೂನಲ್ಲಿ ತೊಂಬತ್ತೆರಡು ಪೌಂಡು. ಸೆಂಟರಿನಲ್ಲಿ ಉಳಿಸಿಕೊಂಡರು. ಈಗಲೂ ಹೋಗುತ್ತಿದ್ದಾಳೆ. ಆಮೇಲೆ ಶನಿವಾರ ಭಾನುವಾರ ಬಂದ ಏಕಾದಶಿಗಳಲ್ಲಿ ಅಪ್ಪ ತನ್ನ ಕೈಯಾರೆ ಹಾಲು, ಹಣ್ಣು ಕೊಟ್ಟು, ಹಾಡು ಹಾಕಿ ಪಕ್ಕ ಕೂತಿದ್ದಾನೆ. ಸೆಂಟರಿನ ದಿನ ಬಂದವುಗಳಿಗೆಲ್ಲ ಅಂದು ಏಕಾದಶಿ ಅಲ್ಲವೆನ್ನುವ ಇನ್ನೊಂದು ಪಂಚಾಂಗ ನನಗೆ ಸಿಕ್ಕಿದೆ. ಎರಡೂ ಪಂಚಾಂಗ ಒಂದೇ ದಿನ ಹೇಳಿದ ಒಂದು ಸಲ ಪಂಚಾಂಗ ತೆರೆಯದೆಯೇ ದ್ವಾದಶಿ ಎಂದು ಕಳಿಸಿದೆ. ಅಪ್ಪನಿಗೆ ಇದನ್ನು ಹೇಳಿಲ್ಲ. ಇದನ್ನು ಓದಿಯೇ ಅವನಿಗೆ ತಿಳಿಯಬೇಕು.

ಡಿಸೆಂಬರ್ ಮೂವತ್ತೊಂದರ ಸಂಜೆ ಅಜ್ಜಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಗೊತ್ತಿತ್ತು ಎಂಬುದಕ್ಕೆ ಡೈರಿಯಲ್ಲಿ ಆರು ಕಾರಣ ಬರೆದಿದ್ದೇನೆ, ಗೊತ್ತಿರಲಿಲ್ಲ ಎಂಬುದಕ್ಕೂ ಆರು. ಗೊತ್ತಿದ್ದೂ ಉಂಡಳೆಂದರೆ ಅವಳೇ ನನಗೆ ಅಪ್ಪಣೆ ಕೊಟ್ಟ ಹಾಗೆ. ಗೊತ್ತಿಲ್ಲದೆ ಉಂಡಳೆಂದರೆ ಹದಿನಾರನೇ ವಯಸ್ಸಿನಿಂದ ಅವಳು ಕಟ್ಟಿಕೊಂಡು ಬಂದದ್ದನ್ನು ಅವಳ ಮೊಮ್ಮಗಳೇ ಕದ್ದ ಹಾಗೆ. ಮರೆವಿನ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ದಿನವನ್ನೇ ಮರೆತವರಿಗೆ, ಎದುರಿಗಿರುವವರು ದಿನದ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದಾರೆಂದು ಗೊತ್ತಾಗುತ್ತದೆಯೇ? ನಿಮ್ಮ ಮನೆಯಲ್ಲಿ ವ್ರತದ ದಿನ ನೀವು ಏನು ಹೇಳಿದಿರಿ? ಅವರು ಏನು ಅಂದರು? ಹೆಸರು ಬೇಡ, ದಿನಾಂಕ ಇದ್ದರೆ ಸಾಕು. ಮುಂದಿನ ತಿಂಗಳ ಮೊದಲ ಏಕಾದಶಿ ಸೆಂಟರಿನ ದಿನವೇ ಬರುತ್ತದೆ, ಎರಡು ಪಂಚಾಂಗದಲ್ಲೂ. ಅಂದು ಬೆಳಿಗ್ಗೆ ಎಂಟು ಹತ್ತರೊಳಗೆ ನಿಮ್ಮ ಕಾಗದ ತಲುಪಿದರೆ ಉಪಕಾರ.